ಮುದ್ದೆಯಿಂದ ಮುಂಜಾವಿನವರೆಗೆ

ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ರಾತ್ರಿ ಊಟ ಎಂಟು ಗಂಟೆಗೆಲ್ಲ ಮುಗಿದಿರುತ್ತದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೊಂದಿಷ್ಟು ಅನ್ನ ಮಜ್ಜಿಗೆ. ಮತ್ತೆ ಹೊಟ್ಟೆಗೆ ಏನಾದರೂ ಬೀಳುವುದು ಮರುದಿನ ಬೆಳಿಗ್ಗೆ ಎಂಟೂವರೆಗೋ ಒಂಬತ್ತಕ್ಕೋ. ಅಷ್ಟರಲ್ಲಿ ಸಗಣಿ ಬಾಚಿ, ಹಾಲು ಕರೆದು, ತೋಟದ ಕಡೆ ಒಂದು ಸುತ್ತು ಹಾಕಿ ಬಂದಿರುತ್ತಾರೆ. ನಡುವೆ ಹನ್ನೆರಡು ಹದಿಮೂರು ಗಂಟೆ ಬರಿಹೊಟ್ಟೆ.

ಈ ಹೊತ್ತಿನ ಲೆಕ್ಕ ಹಾಕಿದರೆ ದಿಗಿಲಾಗುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. 100 ಮಿಲಿಲೀಟರಿಗೆ 90 ಮಿಲಿಗ್ರಾಂ ಗ್ಲೂಕೋಸ್ ಎಂದು ಹಿಡಿದರೆ ಒಟ್ಟು ನಾಲ್ಕೂವರೆ ಗ್ರಾಂ, ಒಂದು ಟೀ ಚಮಚದಷ್ಟು. ಮಿದುಳು ಒಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ, ಅಂದರೆ ಗಂಟೆಗೆ 5 ಗ್ರಾಂ. ರಕ್ತದಲ್ಲಿ ಇರುವುದಷ್ಟನ್ನೇ ನೆಚ್ಚಿಕೊಂಡರೆ ಒಂದು ಗಂಟೆಯೂ ದಾಟುವುದಿಲ್ಲ. ಉಂಡ ಮುದ್ದೆ ಮೂರು ನಾಲ್ಕು ಗಂಟೆಯಲ್ಲಿ ಕರಗಿ ಮುಗಿದಿರುತ್ತದೆ. ಆದರೂ ಬೆಳಗಿನ ಜಾವ ನಾಲ್ಕಕ್ಕೆ ಆರೋಗ್ಯವಂತರೊಬ್ಬರ ರಕ್ತ ತೆಗೆದು ನೋಡಿ, ಸಕ್ಕರೆ ಎಂಬತ್ತರ ಆಸುಪಾಸಿನಲ್ಲೇ ನಿಂತಿರುತ್ತದೆ. ಅದನ್ನು ಯಾರೋ ಗಂಟೆಗಂಟೆಗೂ ತೂಗಿ ರಕ್ತಕ್ಕೆ ಬಿಡುತ್ತಿರಬೇಕು.

ಆ ಕೆಲಸ ಯಕೃತ್ತಿನದು ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಕ್ಲೋದ್ ಬರ್ನಾರ್. ಪ್ರಾಣಿಗಳು ಸಕ್ಕರೆಯನ್ನು ತಿನ್ನಬಲ್ಲವೇ ಹೊರತು ತಯಾರಿಸಲಾರವು, ಅದು ಗಿಡಮರಗಳಿಗೆ ಮಾತ್ರ ಸಾಧ್ಯ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಬರ್ನಾರ್ 1855ರಲ್ಲಿ ಆಗತಾನೆ ಸತ್ತ ನಾಯಿಯ ಯಕೃತ್ತನ್ನು ಹೊರತೆಗೆದು, ಅದರ ರಕ್ತನಾಳದೊಳಗೆ ನೀರು ಹಾಯಿಸಿ, ಹೊರಬರುವ ನೀರಿನಲ್ಲಿ ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದ. ಹಾಗೆ ತೊಳೆದದ್ದನ್ನು ಒಂದು ದಿನ ಇಟ್ಟು ಮತ್ತೆ ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ತುಂಬಿಕೊಂಡಿತ್ತು. ರಕ್ತವಿಲ್ಲ, ಆಹಾರವಿಲ್ಲ, ಜೀವವೂ ಇಲ್ಲ. ಸಕ್ಕರೆ ಬಂದದ್ದು ಯಕೃತ್ತಿನ ಒಳಗೇ ಇದ್ದ, ನೀರಿನಲ್ಲಿ ತೊಳೆದುಹೋಗದ ಯಾವುದೋ ವಸ್ತುವಿನಿಂದ. ಎರಡು ವರ್ಷ ಬಿಟ್ಟು, 1857ರಲ್ಲಿ, ಆ ಬಿಳಿಯ ಪುಡಿಯನ್ನು ಅವನೇ ಬೇರ್ಪಡಿಸಿ ಗ್ಲೈಕೋಜನ್ ಎಂದು ಕರೆದ. ಶರೀರವಿಜ್ಞಾನದಲ್ಲಿ ಇಷ್ಟು ಸರಳವಾಗಿದ್ದು ಇಷ್ಟು ದೂರ ಮುಟ್ಟಿದ ಪ್ರಯೋಗಗಳು ಕಡಿಮೆ.

ಬಯಲುಸೀಮೆಯ ಹಳೆಯ ಮನೆಗಳಲ್ಲಿ ರಾಗಿ ಎರಡು ಕಡೆ ಇರುತ್ತಿತ್ತು. ವರ್ಷಗಟ್ಟಲೆ ಬಾಳಬೇಕಾದದ್ದು ನೆಲದೊಳಗಿನ ಹಗೇವಿನಲ್ಲಿ, ದಿನಬಳಕೆಯದ್ದು ಮನೆಯೊಳಗಿನ ವಾಡೆಯಲ್ಲಿ. ಹಗೇವು ತೆಗೆಯುವುದೆಂದರೆ ದೊಡ್ಡ ಕೆಲಸ. ಬಾಯಿ ತೆರೆದು, ಒಳಗೆ ಕಟ್ಟಿದ ಕೆಟ್ಟ ಗಾಳಿ ಹೋಗುವ ತನಕ ಕಾದು, ಆಮೇಲೆ ಇಳಿಯಬೇಕು. ವಾಡೆಯಾದರೆ ಮುಚ್ಚಳ ತೆಗೆದು ಮೊರಕ್ಕೆ ಸುರಿದುಕೊಂಡರಾಯಿತು. ನಮ್ಮ ಮೈಯ ಕೊಬ್ಬು ಹಗೇವಿನ ದಾಸ್ತಾನು, ಯಕೃತ್ತಿನ ಗ್ಲೈಕೋಜನ್ ವಾಡೆಯದು. ಕೊಬ್ಬಿನಲ್ಲಿ ತಿಂಗಳುಗಟ್ಟಲೆಯ ಶಕ್ತಿ ಇದ್ದರೂ ಅದನ್ನು ಮಿದುಳು ನೇರವಾಗಿ ಉರಿಸಲಾರದು. ಗ್ಲೈಕೋಜನ್ ಉಂಡ ಮೇಲೆ 100 ಗ್ರಾಮಿನಷ್ಟು ಮಾತ್ರ ಇರುತ್ತದೆ, ಆದರೆ ಬೇಕೆಂದ ನಿಮಿಷಕ್ಕೆ ಗ್ಲೂಕೋಸ್ ಆಗಿ ಸಿಗುತ್ತದೆ.

ಗ್ಲೂಕೋಸನ್ನು ಗ್ಲೂಕೋಸಾಗಿಯೇ ಕೂಡಿಟ್ಟರಾಗದೆ ಎಂದು ಕೇಳಬಹುದು. ಯಕೃತ್ತಿನ ಜೀವಕೋಶದಲ್ಲಿರುವ ಗ್ಲೈಕೋಜನ್ನೆಲ್ಲ ಬಿಡಿ ಗ್ಲೂಕೋಸಾಗಿ ಕರಗಿದ್ದರೆ ಅಲ್ಲಿನ ಸಾಂದ್ರತೆ ರಕ್ತದ್ದಕ್ಕಿಂತ ಸುಮಾರು 80 ಪಟ್ಟು ಆಗುತ್ತಿತ್ತು. ಅಷ್ಟು ಗಟ್ಟಿ ದ್ರಾವಣ ಹೊರಗಿನ ನೀರನ್ನೆಲ್ಲ ಎಳೆದುಕೊಂಡು ಜೀವಕೋಶ ಒಡೆದುಹೋಗುತ್ತಿತ್ತು. ಸಾವಿರಾರು ಗ್ಲೂಕೋಸ್ ಅಣುಗಳನ್ನು ಒಂದಕ್ಕೊಂದು ಹೆಣೆದು ಒಂದೇ ದೊಡ್ಡ ಅಣು ಮಾಡಿಬಿಟ್ಟರೆ ನೀರಿಗೆ ಅದು ಒಂದೇ ಅಣುವಿನ ಲೆಕ್ಕ.

ಈಗ ಮುದ್ದೆಯ ಜೊತೆ ಒಳಗೆ ಹೋಗೋಣ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ 67 ಗ್ರಾಂ ಶರ್ಕರಪಿಷ್ಟವಿದೆ. ಕರುಳಿನಲ್ಲಿ ಅದು ಗ್ಲೂಕೋಸಾಗಿ ಒಡೆದು, ಮೈಯ ಬೇರೆ ಯಾವ ಭಾಗಕ್ಕೂ ಹೋಗುವ ಮೊದಲು ಪೋರ್ಟಲ್ ಅಭಿಧಮನಿಯ ಮೂಲಕ ನೇರ ಯಕೃತ್ತಿಗೆ ಬರುತ್ತದೆ. ಯಕೃತ್ತಿನ ಜೀವಕೋಶದ ಪೊರೆಯಲ್ಲಿ ಗ್ಲೂಟ್-2 ಎಂಬ ಪ್ರೋಟೀನು ಗ್ಲೂಕೋಸನ್ನು ಎರಡೂ ದಿಕ್ಕಿಗೆ ಬಿಡುತ್ತದೆ, ಅದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಹೀಗೆ ಒಳಬಂದ ಗ್ಲೂಕೋಸು ವಾಪಸು ಹೋಗದಂತೆ ಅದಕ್ಕೆ ಫಾಸ್ಫೇಟ್ ಗುಂಪೊಂದನ್ನು ಅಂಟಿಸುವುದು ಗ್ಲೂಕೋಕೈನೇಸ್ ಎಂಬ ಕಿಣ್ವ. ಮಿದುಳಿನಲ್ಲಿ ಇದೇ ಕೆಲಸ ಮಾಡುವ ಹೆಕ್ಸೋಕೈನೇಸ್ ಸಕ್ಕರೆ ತೀರಾ ಕಡಿಮೆ ಇದ್ದಾಗಲೂ ಬಿಡುವಿಲ್ಲದೆ ದುಡಿಯುತ್ತದೆ. ಯಕೃತ್ತಿನ ಗ್ಲೂಕೋಕೈನೇಸ್ ಹಾಗಲ್ಲ. ಸಕ್ಕರೆ 140–150ರ ಮಟ್ಟ ಮುಟ್ಟಿದಾಗಷ್ಟೇ ಅದರ ಅರ್ಧ ವೇಗ ಬರುತ್ತದೆ. ಅಂದರೆ ಮಿದುಳಿನ ಪಾಲಿಗೆ ಯಕೃತ್ತು ಕೈ ಹಾಕುವುದಿಲ್ಲ, ಊಟದ ನಂತರ ಮಿಕ್ಕದ್ದನ್ನು ಮಾತ್ರ ತನ್ನಲ್ಲಿಗೆ ಎಳೆದುಕೊಳ್ಳುತ್ತದೆ.

ಬೆಲ್ಜಿಯಂನ ಎಮಿಲ್ ವಾನ್ ಶಾಫ್ಟಿಂಗನ್ 1989ರಲ್ಲಿ ಇದಕ್ಕೆ ಇನ್ನೊಂದು ಪದರ ಸೇರಿಸಿದರು. ಹಸಿದ ಹೊತ್ತಿನಲ್ಲಿ ಗ್ಲೂಕೋಕೈನೇಸನ್ನು ಇನ್ನೊಂದು ಪ್ರೋಟೀನು ಹಿಡಿದು ನಿಷ್ಕ್ರಿಯವಾಗಿಡುತ್ತದೆ ಎಂಬುದು ಅವರು ಕಂಡದ್ದು. ಆ ಹಿಡಿತ ನಡೆಯುವುದು ಕೋಶಕೇಂದ್ರದ ಒಳಗೆ ಎಂಬುದು ಮುಂದೆ ತಿಳಿಯಿತು. ಸಕ್ಕರೆ ಏರಿದಾಗ ಹಿಡಿತ ಸಡಿಲವಾಗಿ ಕಿಣ್ವ ಹೊರಬರುತ್ತದೆ. ಸ್ವಲ್ಪ ಫ್ರಕ್ಟೋಸ್ ಸೇರಿದ್ದರೆ ಇನ್ನೂ ಬೇಗ ಬರುತ್ತದೆ. ಬೆಲ್ಲದಲ್ಲಿರುವ ಸಕ್ಕರೆಯ ಹೆಚ್ಚುಕಡಿಮೆ ಅರ್ಧ ಭಾಗ ಫ್ರಕ್ಟೋಸೇ. ಆದ್ದರಿಂದ ಊಟದ ಜೊತೆ ನೆಂಚಿಕೊಂಡ ಒಂದು ಸಣ್ಣ ಚೂರು ಬೆಲ್ಲ ಯಕೃತ್ತಿನ ಕಿಣ್ವವನ್ನು ಎಚ್ಚರಿಸುತ್ತದೆ. ದಿನವೂ ಲೋಟಗಟ್ಟಲೆ ಸಿಹಿ ಪಾನೀಯ ಕುಡಿದರೆ ಅದೇ ಫ್ರಕ್ಟೋಸ್ ಯಕೃತ್ತಿನಲ್ಲಿ ಕೊಬ್ಬಾಗಿ ಕೂರುತ್ತದೆ.

ಇಲ್ಲಿ ಹಿರಿಯೂರು, ಚಳ್ಳಕೆರೆ ಕಡೆಯ ಕುರಿಗಳನ್ನು ನೆನೆಯದೆ ಮುಂದೆ ಹೋಗಲಾರೆ. ಬೆಳೆದ ಕುರಿಯ ಯಕೃತ್ತಿನಲ್ಲಿ ಗ್ಲೂಕೋಕೈನೇಸ್ ಇಲ್ಲವೆನ್ನುವಷ್ಟು ಕಡಿಮೆ. ಅದು ಮೇಯುವ ಹುಲ್ಲನ್ನೆಲ್ಲ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹುಳಿಯಿಸಿ ಆಮ್ಲಗಳಾಗಿ ಮಾಡುವುದರಿಂದ ಕರುಳಿನಿಂದ ಯಕೃತ್ತಿಗೆ ಗ್ಲೂಕೋಸು ಬರುವುದೇ ಅಪರೂಪ. ಬಾರದ ಸಕ್ಕರೆಗೆ ಕಿಣ್ವ ಯಾಕೆ? ಕುರಿಯ ಯಕೃತ್ತು ಪ್ರೊಪಿಯೋನಿಕ್ ಆಮ್ಲದಿಂದ ಹಗಲೂ ರಾತ್ರಿ ಗ್ಲೂಕೋಸನ್ನು ಹೊಸದಾಗಿ ತಯಾರಿಸುತ್ತಿರುತ್ತದೆ. ಅವಳಿ ಮರಿ ಹೊತ್ತ ಕುರಿಗೆ ಕೊನೆಯ ವಾರಗಳಲ್ಲಿ ಮೇವು ಕಡಿಮೆಯಾದರೆ ಈ ತಯಾರಿಕೆ ಸಾಲದೆ, ಗ್ಲೈಕೋಜನ್ ಬರಿದಾಗಿ, ಕುರಿ ಮಂಕಾಗಿ ನೆಲ ಹಿಡಿಯುತ್ತದೆ. ಬರದ ವರ್ಷದಲ್ಲಿ ಗಬ್ಬದ ಕುರಿಗೆ ಒಂದು ಹಿಡಿ ಕಾಳು ಹೆಚ್ಚು ಹಾಕಬೇಕೆನ್ನುವುದು ಇದಕ್ಕೇ.

ಫಾಸ್ಫೇಟ್ ಅಂಟಿದ ಗ್ಲೂಕೋಸು ಒಂದೆರಡು ರೂಪ ಬದಲಿಸಿ ಯುಡಿಪಿ-ಗ್ಲೂಕೋಸ್ ಆಗುತ್ತದೆ. ಹೆಣಿಗೆಗೆ ಸಿದ್ಧವಾದ ರೂಪ ಅದು. ಹೆಣಿಗೆ ಶುರುವಾಗಲು ಒಂದು ಬುಡ ಬೇಕು, ಆ ಬುಡ ಗ್ಲೈಕೋಜೆನಿನ್ ಎಂಬ ಪ್ರೋಟೀನು. ಅದು ತನ್ನದೇ ಮೈಯ ಟೈರೋಸಿನ್ ಒಂದರ ಮೇಲೆ ಮೊದಲ ಹತ್ತಾರು ಗ್ಲೂಕೋಸನ್ನು ತಾನೇ ಜೋಡಿಸಿಕೊಂಡು, ಆಮೇಲೆ ಕೊನೆತನಕ ಗ್ಲೈಕೋಜನ್ ಕಣದ ನಡುವೆಯೇ ಉಳಿಯುತ್ತದೆ. ಅಲ್ಲಿಂದ ಮುಂದೆ ಎಳೆ ಬೆಳೆಸುವುದು ಗ್ಲೈಕೋಜನ್ ಸಿಂಥೇಸ್, ಕವಲು ಒಡೆಸುವುದು ಇನ್ನೊಂದು ಕಿಣ್ವ. ಒಂದು ಪೂರ್ಣ ಕಣದಲ್ಲಿ 55,000 ಗ್ಲೂಕೋಸ್‌ಗಳವರೆಗೂ ಇರಬಹುದು. ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು, ತುದಿ ಹೆಚ್ಚಿದಷ್ಟೂ ಒಟ್ಟಿಗೆ ಕಟ್ಟಬಹುದು, ಒಟ್ಟಿಗೆ ಬಿಚ್ಚಬಹುದು.

ಕಟ್ಟುವವನೂ ಬಿಚ್ಚುವವನೂ ಬೇರೆಬೇರೆ ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಪ್ರಾಗ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಗೆರ್ಟಿ ಕೋರಿ, ಕಾರ್ಲ್ ಕೋರಿ ದಂಪತಿಗಳು 1930ರ ದಶಕದಲ್ಲಿ ಗ್ಲೈಕೋಜನ್ನನ್ನು ಒಡೆಯುವ ಫಾಸ್ಫೊರಿಲೇಸ್ ಕಿಣ್ವವನ್ನು ಕಂಡುಹಿಡಿದರು. ಪ್ರಣಾಳದಲ್ಲಿ ಅದು ತಿರುಗುಮುರುಗಾಗಿಯೂ ನಡೆದು ಗ್ಲೈಕೋಜನ್ ಕಟ್ಟಿತು. ಹಾಗಾಗಿ ಎರಡೂ ಕೆಲಸ ಅದರದೇ ಎಂದು ಎಲ್ಲರೂ ಒಪ್ಪಿದರು. ಆದರೆ ಸ್ನಾಯುವಿನ ಫಾಸ್ಫೊರಿಲೇಸ್ ಹುಟ್ಟಿನಿಂದಲೇ ಇಲ್ಲದ ರೋಗಿಗಳು ಸಿಕ್ಕಾಗ ಅವರ ಸ್ನಾಯುಗಳಲ್ಲಿ ಗ್ಲೈಕೋಜನ್ ಬೇಕಾದಷ್ಟಿತ್ತು, ಬೇಕಾದದ್ದಕ್ಕಿಂತಲೂ ಹೆಚ್ಚಿತ್ತು. ಬ್ಯೂನಸ್ ಐರಿಸ್‌ನ ಲೂಯಿಸ್ ಲೆಲ್ವಾ ಅಷ್ಟರಲ್ಲಿ, 1957ರಲ್ಲಿ, ಯುಡಿಪಿ-ಗ್ಲೂಕೋಸಿನಿಂದ ಗ್ಲೈಕೋಜನ್ ಕಟ್ಟುವ ಪ್ರತ್ಯೇಕ ಕಿಣ್ವವನ್ನು ತೋರಿಸಿದ್ದರು. ಕೋರಿ ದಂಪತಿಗಳಿಗೆ 1947ರಲ್ಲಿ, ಲೆಲ್ವಾಗೆ 1970ರಲ್ಲಿ ನೊಬೆಲ್ ಬಂತು.

ಎರಡು ಪ್ರೋಟೀನುಗಳು ಒಂದೇ ಜೀವಕೋಶದೊಳಗೆ, ಒಂದೇ ಕಣದ ಮೇಲೆ ಅಂಟಿಕೊಂಡು ಕೂತಿವೆ. ಒಂದು ಕಟ್ಟುತ್ತದೆ, ಒಂದು ಒಡೆಯುತ್ತದೆ. ಎರಡೂ ಒಟ್ಟಿಗೆ ದುಡಿದರೆ ಶಕ್ತಿ ಪೋಲಾಗುತ್ತದೆಯೇ ಹೊರತು ದಾಸ್ತಾನು ಏರುವುದಿಲ್ಲ. ಯಕೃತ್ತು ಇದನ್ನು ನಿಭಾಯಿಸುವುದು ಒಂದು ಪುಟ್ಟ ಫಾಸ್ಫೇಟ್ ಗುಂಪಿನಿಂದ. ಫಾಸ್ಫೊರಿಲೇಸಿನ ಎಂಟುನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ 14ನೆಯದು ಸೆರಿನ್. ಅದಕ್ಕೆ ಫಾಸ್ಫೇಟ್ ಅಂಟಿದರೆ ಕಿಣ್ವ ಚುರುಕಾಗಿ ಗ್ಲೈಕೋಜನ್ ಒಡೆಯತೊಡಗುತ್ತದೆ. ಎಡ್ಮಂಡ್ ಫಿಶರ್, ಎಡ್ವಿನ್ ಕ್ರೆಬ್ಸ್ ಇದನ್ನು 1950ರ ದಶಕದ ನಡುವೆ ಸಿಯಾಟಲ್‌ನಲ್ಲಿ ಬಿಡಿಸಿದರು, 1992ರಲ್ಲಿ ನೊಬೆಲ್ ಪಡೆದರು. ಸಿಂಥೇಸಿನ ವಿಷಯ ಸರಿಯಾಗಿ ತಿರುಗುಮುರುಗು. ಅದರ ಮೈಮೇಲೆ ಹಲವು ಕಡೆ ಫಾಸ್ಫೇಟ್ ಅಂಟುತ್ತದೆ, ಅಂಟಿದಷ್ಟೂ ಅದು ಮಂದವಾಗುತ್ತದೆ. ಹಸಿವಿನ ಹಾರ್ಮೋನಾದ ಗ್ಲೂಕಗಾನ್ ಬಂದರೆ ಜೀವಕೋಶದೊಳಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳು ಎಚ್ಚೆತ್ತು, ಒಂದೇ ಏಟಿಗೆ ಒಡೆಯುವುದು ಶುರುವಾಗುತ್ತದೆ, ಕಟ್ಟುವುದು ನಿಲ್ಲುತ್ತದೆ. ಇನ್ಸುಲಿನ್ ಬಂದರೆ ಸಿಂಥೇಸಿಗೆ ಫಾಸ್ಫೇಟ್ ಅಂಟಿಸುವ ಜಿಎಸ್‌ಕೆ-3 ಎಂಬ ಕಿಣ್ವ ಸುಮ್ಮನಾಗುತ್ತದೆ. ಅಂಟಿದ್ದನ್ನು ಕೀಳುವ ಕೆಲಸ ಪ್ರೋಟೀನ್ ಫಾಸ್ಫಟೇಸ್-1ರದು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ: ಇನ್ಸುಲಿನ್ ಬಂತು, ಕಟ್ಟಿತು, ಗ್ಲೂಕಗಾನ್ ಬಂತು, ಒಡೆಯಿತು. ನನಗೆ ಯಕೃತ್ತಿನ ನಿಜವಾದ ಜಾಣ್ಮೆ ಕಾಣುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬೆಲ್ಜಿಯಂನ ಲೂವೆನ್ ನಗರದಲ್ಲಿ ಹರ್ಸ್, ಸ್ಟಾಲ್‌ಮಾನ್ಸ್ ಮತ್ತು ಸಂಗಡಿಗರು ಇಲಿಗಳಿಗೆ ಗ್ಲೂಕೋಸ್ ಚುಚ್ಚಿ, ಯಕೃತ್ತನ್ನು ನಿಮಿಷ ನಿಮಿಷಕ್ಕೂ ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. ಗ್ಲೂಕೋಸ್ ಮುಟ್ಟುತ್ತಿದ್ದಂತೆ ಚುರುಕಾದ ಫಾಸ್ಫೊರಿಲೇಸ್ ಸರಸರನೆ ಇಳಿಯಿತು. ಸಿಂಥೇಸ್ ಮಾತ್ರ ಆಗಲೇ ಏಳಲಿಲ್ಲ. ಕೆಲವು ನಿಮಿಷ ಕದಲದೆ ಇದ್ದು, ಚುರುಕಾದ ಫಾಸ್ಫೊರಿಲೇಸ್ ಬಹುತೇಕ ಮುಗಿದ ಮೇಲೆ ಮೇಲೇರಿತು. ಎರಡಕ್ಕೂ ಸುದ್ದಿ ಒಂದೇ ಹೊತ್ತಿಗೆ ಮುಟ್ಟಿದ್ದರೆ ಈ ತಡ ಯಾಕೆ?

ಉತ್ತರ ಫಾಸ್ಫೊರಿಲೇಸಿನ ಆಕಾರದಲ್ಲಿದೆ. ಯಕೃತ್ತಿನ ಫಾಸ್ಫೊರಿಲೇಸ್‌ಗೆ ಗ್ಲೂಕೋಸ್ ಬಂದು ಕೂರುವ ಜಾಗವೊಂದಿದೆ. ಗ್ಲೂಕೋಸ್ ಕೂರದಿದ್ದಾಗ ಅದರ 14ನೇ ಸೆರಿನ್‌ನ ಫಾಸ್ಫೇಟ್ ಒಳಮಡಿಕೆಯಲ್ಲಿ ಅಡಗಿರುತ್ತದೆ. ಫಾಸ್ಫಟೇಸ್ ಅದನ್ನು ಬಿಗಿಯಾಗಿ ಹಿಡಿದುಕೊಂಡರೂ ಕೀಳಲಾಗುವುದಿಲ್ಲ. ಅಷ್ಟೇ ಅಲ್ಲ, ಹಾಗೆ ಸಿಕ್ಕಿಹಾಕಿಕೊಂಡ ಫಾಸ್ಫಟೇಸ್ ಸಿಂಥೇಸಿನ ಕಡೆಗೂ ಹೋಗಲಾರದು. ಗ್ಲೂಕೋಸ್ ಬಂದು ಕೂತೊಡನೆ ಫಾಸ್ಫೊರಿಲೇಸಿನ ಆಕಾರ ತಿರುಗಿ ಫಾಸ್ಫೇಟ್ ಹೊರಗೆ ಕಾಣುತ್ತದೆ, ಫಾಸ್ಫಟೇಸ್ ಅದನ್ನು ಕಿತ್ತು ಹಾಕುತ್ತದೆ. ಜೀವಕೋಶದಲ್ಲಿ ಒಂದು ಫಾಸ್ಫಟೇಸಿಗೆ ಸುಮಾರು ಹತ್ತು ಫಾಸ್ಫೊರಿಲೇಸ್‌ಗಳಿವೆ. ಒಂದರಿಂದ ಬಿಡಿಸಿಕೊಂಡರೆ ಇನ್ನೊಂದು ಹಿಡಿಯುತ್ತದೆ. ಹತ್ತರಲ್ಲಿ ಹೆಚ್ಚುಕಡಿಮೆ ಎಲ್ಲವೂ ತಣ್ಣಗಾದ ಮೇಲಷ್ಟೇ ಫಾಸ್ಫಟೇಸ್ ಬಿಡುವಾಗಿ ಸಿಂಥೇಸಿನ ಫಾಸ್ಫೇಟುಗಳನ್ನು ಕೀಳತೊಡಗುತ್ತದೆ. ಇದಲ್ಲದೆ ಫಾಸ್ಫಟೇಸನ್ನು ಗ್ಲೈಕೋಜನ್ ಕಣಕ್ಕೆ ಕಟ್ಟಿಡುವ ಜಿಎಲ್ ಎಂಬ ಜೊತೆ ಪ್ರೋಟೀನಿನ ತುದಿಗೆ ಚುರುಕಾದ ಫಾಸ್ಫೊರಿಲೇಸ್ ನೇರವಾಗಿಯೂ ಅಂಟಿಕೊಂಡು ಅದನ್ನು ತಡೆಯುತ್ತದೆ.

ಅಂದರೆ ಒಡೆಯುವ ಪ್ರೋಟೀನೇ ಯಕೃತ್ತಿನ ಸಕ್ಕರೆ ಅಳೆಯುವ ಪ್ರೋಟೀನು, ಕಟ್ಟುವುದಕ್ಕೆ ಅನುಮತಿ ಕೊಡುವುದೂ ಅದೇ. ತಾನು ಪೂರ್ತಿ ಕೈಬಿಡುವ ತನಕ ಅದು ಇನ್ನೊಬ್ಬನನ್ನು ಏಳಗೊಡುವುದಿಲ್ಲ. ಯಾವ ಹಾರ್ಮೋನೂ ಬಾರದಿದ್ದರೂ, ಬರೀ ಗ್ಲೂಕೋಸ್ ಬಂದರೂ ಈ ಲೆಕ್ಕ ನಡೆಯುತ್ತದೆ. ಸ್ನಾಯುವಿನ ಫಾಸ್ಫೊರಿಲೇಸ್ ಹೀಗೆ ರಕ್ತದ ಸಕ್ಕರೆಗೆ ಕಿವಿಗೊಡುವುದಿಲ್ಲ. ಅದಕ್ಕೆ ತನ್ನ ಸ್ನಾಯುವಿನ ದಣಿವೇ ಮುಖ್ಯ. ಊರಿಗೆಲ್ಲ ಹಂಚುವ ಜವಾಬ್ದಾರಿ ಇರುವುದು ಯಕೃತ್ತಿಗೆ ಮಾತ್ರ.

ರಾತ್ರಿ ಹನ್ನೊಂದರ ಹೊತ್ತಿಗೆ ಮುದ್ದೆಯ ಸಕ್ಕರೆ ಬರುವುದು ನಿಲ್ಲುತ್ತದೆ, ಇನ್ಸುಲಿನ್ ಇಳಿಯುತ್ತದೆ, ಗ್ಲೂಕಗಾನ್ ಮೇಲಾಗುತ್ತದೆ, ಇದೇ ಯಂತ್ರ ಹಿಂದಕ್ಕೆ ತಿರುಗುತ್ತದೆ. ಬೆಳಗಾಗುವಷ್ಟರಲ್ಲಿ ಗ್ಲೈಕೋಜನ್ ಅರ್ಧದಷ್ಟು ಇಳಿದಿರುತ್ತದೆ. ಶಿವರಾತ್ರಿಯಂದು ಒಪ್ಪೊತ್ತೂ ಉಣ್ಣದೆ ಜಾಗರಣೆ ಮಾಡಿದವರಲ್ಲಿ ಮರುದಿನದ ಹೊತ್ತಿಗೆ ಅದು ಬಹುತೇಕ ಬರಿದು. ಆಗಲೂ ಸಕ್ಕರೆ ಬೀಳದಿರುವುದು ಯಕೃತ್ತು ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲ, ಗ್ಲಿಸರಾಲ್‌ಗಳಿಂದ ಗ್ಲೂಕೋಸನ್ನು ಹೊಸದಾಗಿ ತಯಾರಿಸುವುದರಿಂದ.

"ರಾತ್ರಿ ಮುದ್ದೇನೂ ಬಿಟ್ಟಿದ್ದೀನಿ ಸಾರ್, ಬೆಳಿಗ್ಗೆ ಖಾಲಿ ಹೊಟ್ಟೇಲಿ ಶುಗರ್ 160 ಹೆಂಗ್ ಬಂತು?" ಸಕ್ಕರೆ ಕಾಯಿಲೆ ಇರುವವರು ವೈದ್ಯರಿಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಬೆಳಗಿನ ಸಕ್ಕರೆ ತಟ್ಟೆಯಿಂದ ಬಂದದ್ದಲ್ಲ, ಯಕೃತ್ತಿನಿಂದ ಬಂದದ್ದು. ಟೈಪ್-2 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ನಿನ ಮಾತು ಯಕೃತ್ತಿಗೆ ಸರಿಯಾಗಿ ನಾಟುವುದಿಲ್ಲ. ಗ್ಲೂಕೋಕೈನೇಸಿನ ಕೆಲಸ ತಗ್ಗುತ್ತದೆ, ಊಟದ ನಂತರ ಗ್ಲೈಕೋಜನ್ ಕಡಿಮೆ ಕಟ್ಟುತ್ತದೆ, ಹೊಸ ಗ್ಲೂಕೋಸ್ ತಯಾರಿಕೆ ನಿಲ್ಲಬೇಕಾದಾಗಲೂ ನಿಲ್ಲುವುದಿಲ್ಲ. ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ಈ ತಯಾರಿಕೆಯನ್ನು ತಗ್ಗಿಸುತ್ತದೆ. ಗ್ಲೂಕೋಕೈನೇಸನ್ನೇ ಚುರುಕುಗೊಳಿಸುವ ಔಷಧಿಗಳ ಪ್ರಯತ್ನ ವರ್ಷಗಟ್ಟಲೆ ನಡೆದು, ಹಲವು ಕೈಕೊಟ್ಟವು. ಕೆಲವುದರಲ್ಲಿ ರಕ್ತದ ಕೊಬ್ಬು ಏರಿತು. ಕೊನೆಗೆ ಡಾರ್ಜಗ್ಲಿಯಾಟಿನ್ ಎಂಬುದಕ್ಕೆ 2022ರಲ್ಲಿ ಚೀನಾ ಒಪ್ಪಿಗೆ ಕೊಟ್ಟಿತು.

ಟೈಪ್-1ರ ಮಕ್ಕಳಲ್ಲಿ ತೊಂದರೆಯ ದಿಕ್ಕೇ ಬೇರೆ. ಮಗುವಿಗೆ ಕೆಲವು ಹೊತ್ತು ಇನ್ಸುಲಿನ್ ತಪ್ಪಿ ಸಕ್ಕರೆ 400 ಮುಟ್ಟುತ್ತದೆ, ಆಮೇಲೆ ಅದನ್ನು ಇಳಿಸಲು ಹೆಚ್ಚು ಇನ್ಸುಲಿನ್ ಬೀಳುತ್ತದೆ. ಗ್ಲೂಟ್-2 ಗ್ಲೂಕೋಸನ್ನು ತಡೆಯುವುದಿಲ್ಲವಾದ್ದರಿಂದ ಯಕೃತ್ತು ಮೊದಲೇ ತುಂಬಿರುತ್ತದೆ, ಈಗ ಇನ್ಸುಲಿನ್ನೂ ಸೇರಿ ಸಿಂಥೇಸ್ ಪೂರ್ತಿ ಚುರುಕಾಗುತ್ತದೆ. ಇದು ತಿಂಗಳುಗಟ್ಟಲೆ ನಡೆದರೆ ಯಕೃತ್ತು ಗ್ಲೈಕೋಜನ್ನಿನಿಂದ ಊದಿ ಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ, ಮಗು ಕುಳ್ಳಾಗಿ ಉಳಿಯುತ್ತದೆ. ಫ್ರಾನ್ಸಿನ ಮೋರಿಯಾಕ್ ಇದನ್ನು 1930ರಲ್ಲೇ ವರ್ಣಿಸಿದ್ದರು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಇದು ಕೊಬ್ಬು ತುಂಬಿದ ಯಕೃತ್ತಿನಂತೆಯೇ ಕಾಣುವುದರಿಂದ ಗುರುತು ತಪ್ಪುವುದು ಸುಲಭ. ಇನ್ಸುಲಿನ್ ಹೊತ್ತುಹೊತ್ತಿಗೆ ಸರಿಯಾಗಿ ಸಿಕ್ಕರೆ ಊತ ಪೂರ್ತಿ ಇಳಿಯುತ್ತದೆ. ಆದ್ದರಿಂದ ಇಂಥ ಮಗುವಿಗೆ ಕಾಮಾಲೆ ಎಂದು ಬೇರಿನ ಔಷಧಿ ಕುಡಿಸುತ್ತಾ ಕಾಲ ಕಳೆಯುವುದು ನಿಜಕ್ಕೂ ನೋವಿನ ಸಂಗತಿ. ಮಗುವಿಗೆ ಬೇಕಿರುವುದು ಇನ್ಸುಲಿನ್, ಅದನ್ನು ಕೆಡದಂತೆ ತಂಪಾಗಿ ಇಡುವ ಜಾಗ, ಶಾಲೆಯಲ್ಲೂ ಚುಚ್ಚಿಕೊಳ್ಳಲು ಒಂದು ಮರೆ.

ಇನ್ನು ಕಿಣ್ವವೇ ಹುಟ್ಟಿನಿಂದ ಇಲ್ಲದವರು. ಕೋರಿ ದಂಪತಿಗಳು 1952ರಲ್ಲಿ, ಯಕೃತ್ತು ಊದಿ ಸತ್ತ ಮಕ್ಕಳಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವ ಇರಲಿಲ್ಲವೆಂದು ತೋರಿಸಿದರು. ವಂಶದಲ್ಲಿ ಬರುವ ಕಾಯಿಲೆಯೊಂದಕ್ಕೆ ಇಂಥದೇ ಕಿಣ್ವದ ಕೊರತೆ ಕಾರಣ ಎಂದು ಅಂಗಾಂಶದಲ್ಲೇ ಬೆರಳಿಟ್ಟು ತೋರಿಸಿದ ಮೊದಲ ಕೆಲವು ಉದಾಹರಣೆಗಳಲ್ಲಿ ಅದೂ ಒಂದು. ಈ ಮಕ್ಕಳ ಯಕೃತ್ತು ಗ್ಲೈಕೋಜನ್ ಕಟ್ಟುತ್ತದೆ, ಒಡೆಯುತ್ತದೆ, ಆದರೆ ಕೊನೆಯ ಫಾಸ್ಫೇಟ್ ಕಳಚಲಾರದೆ ಗ್ಲೂಕೋಸನ್ನು ಹೊರಬಿಡಲಾರದು. ಉಂಡ ಮೂರು ನಾಲ್ಕು ಗಂಟೆಗೆ ಸಕ್ಕರೆ ಬಿದ್ದು ಮಗುವಿಗೆ ಫಿಟ್ಸ್ ಬರುತ್ತದೆ. 1963ರಲ್ಲಿ ವರ್ಣಿತವಾದ ಇನ್ನೊಂದು ಕಾಯಿಲೆಯಲ್ಲಿ ಯಕೃತ್ತಿನ ಗ್ಲೈಕೋಜನ್ ಸಿಂಥೇಸೇ ಇರುವುದಿಲ್ಲ. ಆ ಮಗುವಿಗೆ ಊಟದ ನಂತರ ಸಕ್ಕರೆ ಹೆಚ್ಚು, ಬೆಳಗಿನ ಜಾವ ತೀರಾ ಕಡಿಮೆ. ಎದ್ದಾಗ ಮಂಕು, ತಿಂಡಿ ತಿಂದೊಡನೆ ಲವಲವಿಕೆ.

ಇಂಥ ಕಾಯಿಲೆಗಳು ಅಪರೂಪ. ಆದರೆ ಇವುಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಕಾಣುವಂಥವು, ರಕ್ತಸಂಬಂಧದ ಮದುವೆಗಳಲ್ಲಿ ಆ ಸಾಧ್ಯತೆ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ಕಾಯಿಲೆಗಳಿಗಾಗಿ ಪರೀಕ್ಷಿಸಿದಾಗ, ತಂದೆ ತಾಯಿಯರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಸೋದರಮಾವ, ಅತ್ತೆಮಗ ಎಂಬಂಥ ರಕ್ತಸಂಬಂಧದಲ್ಲೇ ಮದುವೆಯಾದವರೆಂದು ಕಂಡುಬಂತು. ಆಸ್ತಿ, ಅಕ್ಕರೆ, ನಂಬಿಕೆ ಎಲ್ಲ ಸೇರಿ ಬಂದ ಪದ್ಧತಿ ಅದು, ಬೈದು ಬಿಡಿಸುವಂಥದಲ್ಲ. ಆದರೆ ಅಂಥ ಮನೆಯಲ್ಲಿ ಮಗುವಿನ ಹೊಟ್ಟೆ ಮುಂದೆ ಬಂದು, ಬೆಳಗಿನ ಜಾವ ಫಿಟ್ಸ್ ಬರುತ್ತಿದ್ದರೆ, ಆ ಹೊತ್ತಿನಲ್ಲೇ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಲೇಬೇಕು. ಎಲ್ಲ ಸಣ್ಣ ಆಸ್ಪತ್ರೆಯಲ್ಲೂ ಸಿಗುವ ಗ್ಲೂಕೋಮೀಟರ್ ಸಾಕು.

ಗ್ಲೂಕೋಸನ್ನು ಹೊರಬಿಡಲಾರದ ಈ ಮಕ್ಕಳಿಗೆ ಮದ್ದು ಇರುವುದು ಹೊಳಲ್ಕೆರೆ, ಚಿತ್ರದುರ್ಗದ ಹೊಲಗಳಲ್ಲಿ ಎಕರೆಗಟ್ಟಲೆ ನಿಲ್ಲುವ ಮೆಕ್ಕೆಜೋಳದಲ್ಲಿ. ಇಲ್ಲಿಂದ ಅದು ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಹೋಗುತ್ತದೆ. ಅಮೆರಿಕದ ವೈ. ಟಿ. ಚೆನ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದ ಪ್ರಕಾರ, ಬೇಯಿಸದ ಮೆಕ್ಕೆಜೋಳದ ಸ್ಟಾರ್ಚನ್ನು ತಣ್ಣೀರಲ್ಲಿ ಕದಡಿ ಕುಡಿಸಿದರೆ ಅದು ಕರುಳಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಕರಗುತ್ತಾ, ಯಕೃತ್ತು ಕೊಡಬೇಕಿದ್ದ ಗ್ಲೂಕೋಸನ್ನು ತಾನು ಕೊಡುತ್ತದೆ. ಬೇಯಿಸಿದರೆ ಕೆಟ್ಟಿತು. ಸ್ಟಾರ್ಚಿನ ಕಣಗಳು ಅರಳಿ, ಮುದ್ದೆಯ ಹಾಗೆ ಬೇಗ ಕರಗಿಬಿಡುತ್ತವೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರು ಹೇಳುತ್ತಾರೆ, ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಡಬೇಕು. ನಡುರಾತ್ರಿಯದನ್ನು ಒಮ್ಮೆಯೂ ತಪ್ಪಿಸುವಂತಿಲ್ಲ, ಆದ್ದರಿಂದ ಮನೆಯಲ್ಲಿ ಅಲಾರಂ ಇಟ್ಟು ಏಳುವವರು ಇಬ್ಬರಿರುವುದು ಒಳ್ಳೆಯದು.